ಹೊಸ್ತಿಲಲ್ಲಿ ಇಸಾಲೆ ಎಲೆ

ಡಿಸೆಂಬರ್ 1, ಭಾನುವಾರ. ಕ್ರಿಸ್‌ಮಸ್‌ಗೆ ಕಾಯುವ ಆಗಮನ ಕಾಲದ ಮೊದಲ ವಾರ

ಇಪ್ಪತ್ತೆರಡು ವರ್ಷ. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಕೈಯಲ್ಲಿರುವ ಪೆನ್ನು ಮುರಿದುಹೋಗುತ್ತದೆ. ಇಪ್ಪತ್ತೆರಡು ವರ್ಷ ನಮ್ಮ ಚರ್ಚಿನ ಕ್ವಾಯರನ್ನು ನಾನು ನಡೆಸಿದೆ. ಇವತ್ತು ಪ್ರಕಟಣೆಗಳ ಹೊತ್ತಿನಲ್ಲಿ, ನೀರಿನ ಟ್ಯಾಂಕ್ ತೊಳೆಯುವವರ ಪಟ್ಟಿಗೂ ಒಂದು ಮದುವೆಯ ಸುದ್ದಿಗೂ ನಡುವೆ ಪಾದ್ರಿ ಮಮುಯಾ ಓದಿದರು: ಇನ್ನು ಮುಂದೆ ಕ್ವಾಯರಿನ ಹೊಣೆ ಎಲಿನೀಮಾಳದು, ಟೀಚರಮ್ಮ ಐಕುಂಡಾ ಅವರ ಸೇವೆಗೆ ಸಭೆ ಕೃತಜ್ಞವಾಗಿದೆ.

ಕೃತಜ್ಞವಾಗಿದೆಯಂತೆ. ಇದು ಸಮಾಧಿಯ ಮುಂದೆ ಹೇಳುವ ಮಾತು. ನಾನಿನ್ನೂ ಮೂರನೇ ಬೆಂಚಿನಲ್ಲಿ ಉಸಿರಾಡುತ್ತ ಕೂತಿದ್ದೆ.

ಇಡೀ ಚರ್ಚು ತಿರುಗಿ ನೋಡಿತು. ನಾನು ನಕ್ಕೆ. ಹಲ್ಲು ಕಚ್ಚಿಕೊಂಡು ನಕ್ಕರೂ ಅದು ನಗುವೇ. ಎಲಿನೀಮಾ ಎದ್ದು ನಿಂತು ನೆಲ ನೋಡಿದಳು. ಅವಳಿಗೆ ಒಂದನೇ ತರಗತಿಯಲ್ಲಿ ಅಕ್ಷರ ಕಲಿಸಿದವಳು ನಾನು, ಸ್ವರ ಹಿಡಿಯುವುದನ್ನು ಕಲಿಸಿದವಳೂ ನಾನು. ಒಂದು ವಾರ ಮೊದಲು ಮನೆಗೆ ಬಂದು ಒಂದು ಮಾತು ಹೇಳಿದ್ದರೆ ಅವಳ ಗಂಟು ಏನು ಹೋಗುತ್ತಿತ್ತು?

ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ಪಾದ್ರಿ ನನ್ನ ಕೈ ಹಿಡಿದುಕೊಂಡರು. ನನ್ನ ಮಗನಿಗಿಂತ ಚಿಕ್ಕವರು. "ಟೀಚರಮ್ಮ, ಕ್ರಿಸ್‌ಮಸ್ ಹಿಂದಿನ ದಿನ ಮಕ್ಕಳು ಬೈಬಲ್ ವಾಕ್ಯ ಹೇಳ್ತಾರಲ್ಲ, ಅವರನ್ನ ನೀವೇ ತಯಾರು ಮಾಡ್ಬೇಕು. ಸಂತೋಷದ ಸೇವೆ ಅದು."

"ಸಂತೋಷವಾಗಿ ಮಾಡ್ತೀನಿ" ಎಂದೆ. ನನ್ನ ದನಿ ಕೇಳಿ ಅವರು ಕೈ ಬಿಟ್ಟರು.

ಹೊರಗೆ ಎಂದಿನಂತೆ ಕಾಣಿಕೆಗೆ ಬಂದ ಮೊಟ್ಟೆ, ಬಾಳೆಗೊನೆ, ಕೋಳಿಗಳ ಹರಾಜು ನಡೆದಿತ್ತು. ಎಲಿನೀಮಾ ಒಂದು ಕೆಂಪು ಹುಂಜಕ್ಕೆ ಕೂಗಿದಳು. ನಾನು ಅವಳಿಗಿಂತ ಮೇಲೆ ಕೂಗಿದೆ. ಅವಳು ಸುಮ್ಮನಾದಳು. ಮನೆಯಲ್ಲಿ ಆಗಲೇ ಎರಡು ಹುಂಜ ಇವೆ. ಮೂರನೆಯದನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಟ್ಟ ಹತ್ತಿ ಬಂದೆ. ಬಂದಾಗಿನಿಂದ ಮೂರೂ ಕಿತ್ತಾಡುತ್ತಿವೆ.

ಡಿಸೆಂಬರ್ 3, ಮಂಗಳವಾರ

ಊರಿಗೆ ಊರೇ ಸುಣ್ಣ ಬಣ್ಣದಲ್ಲಿ ಮುಳುಗಿದೆ. ದಾರ್ ಎಸ್ ಸಲಾಮ್ ಪಟ್ಟಣದಿಂದ ಮಕ್ಕಳು ಮೊಮ್ಮಕ್ಕಳು ಕಾರು ತುಂಬಿಕೊಂಡು ಬರುತ್ತಾರೆ, ಅವರ ಕಣ್ಣಿಗೆ ಗೋಡೆ ಬೆಳ್ಳಗೆ ಕಾಣಬೇಕು. ಎಲ್ಲರ ಬಾಯಲ್ಲೂ ಮೇಕೆಯದೇ ಮಾತು. ಯಾರ ಮನೆಯ ಮೇಕೆ ಎಷ್ಟು ಕೊಬ್ಬಿದೆ, ಎದೆಯ ಭಾಗ ಯಾವ ಅತ್ತೆಗೆ, ತೊಡೆ ಯಾವ ಅಣ್ಣನಿಗೆ. ಯೇಸುಸ್ವಾಮಿ ಹುಟ್ಟುವುದು ಮೇಕೆಯ ಮಾಂಸ ಹಂಚಲಿಕ್ಕೆ ಎಂದೇ ಎಲ್ಲರೂ ತಿಳಿದಂತಿದೆ. ನಾನು ಇದನ್ನು ನಮ್ಮವರಿಗೆ ಹೇಳಿದೆ. ಅವರು ನಮ್ಮ ಮೇಕೆಗೆ ಬಾಳೆಸಿಪ್ಪೆ ತಿನ್ನಿಸುತ್ತಿದ್ದರು.

"ಹೌದು ಕಣೆ" ಎಂದರು. "ಈ ಸಲ ಇದರ ತೊಡೆ ದೊಡ್ಡದಾಗಿದೆ ನೋಡು."

ಈ ಮನುಷ್ಯನ ಜೊತೆ ಮೂವತ್ತೆಂಟು ವರ್ಷ ಬಾಳಿದ್ದೇನೆ. ನನ್ನ ತಾಳ್ಮೆಯ ಬಗ್ಗೆ ಯಾರೂ ನನಗೆ ಪಾಠ ಹೇಳಬೇಕಿಲ್ಲ.

ಮಕ್ಕಳ ವಾಕ್ಯದ ವಿಷಯ ತೀರ್ಮಾನ ಮಾಡಿದ್ದೇನೆ. ಹದಿನಾಲ್ಕು ಮಕ್ಕಳು. ಒಂದು ಅಕ್ಷರ ತಪ್ಪಬಾರದು, ಒಂದು ಉಸಿರು ಎಡವಬಾರದು. ಆ ದಿನ ಚರ್ಚು ತುಂಬಿರುತ್ತದೆ, ಪಟ್ಟಣದಿಂದ ಬಂದವರೂ ಇರುತ್ತಾರೆ. ಐಕುಂಡಾ ಮುಟ್ಟಿದ ಕೆಲಸ ಹೇಗಿರುತ್ತದೆ ಎಂದು ಎಲ್ಲರೂ ನೋಡಲಿ. ಆಮೇಲೆ ಕ್ವಾಯರು ಬೇಕಾದರೆ ಅವರೇ ಬಂದು ನನ್ನ ಬಾಗಿಲು ತಟ್ಟಲಿ.

ಡಿಸೆಂಬರ್ 5, ಗುರುವಾರ

ಮೊದಲ ಪಾಠ. ಶಾಲೆಗೆ ರಜೆ, ಆದ್ದರಿಂದ ನಮ್ಮ ಅಂಗಳದ ಬೆಣ್ಣೆಹಣ್ಣಿನ ಮರದ ಕೆಳಗೆ ಕೂರಿಸಿದೆ. ಮಕ್ಕಳ ಪಟ್ಟಿ ಪಾದ್ರಿ ಮಾಡಿದ್ದು. ಯೇಸು ಹುಟ್ಟಿದ್ದನ್ನು ಕುರುಬರಿಗೆ ತಿಳಿಸುವ ದೇವದೂತನ ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು, ಯಾರಿಗೆ ಕೊಟ್ಟಿದ್ದಾರೆ? ಎಲಿನೀಮಾಳ ಮಗಳು ನ್ಸಿಯಾಳಿಗೆ. ಎಂಟು ವರ್ಷ, ಮುಂದಿನ ಎರಡು ಹಲ್ಲು ಇಲ್ಲ. ಬೇಕೆಂದೇ ಮಾಡಿದ್ದಾರೆ.

ಹುಡುಗಿಯ ಗಂಟಲು ಮಾತ್ರ ಒಳ್ಳೆಯದು, ಇಲ್ಲವೆನ್ನಲಾರೆ. ಹಿಂದಿನ ಬೆಂಚಿನವರೆಗೂ ಕೇಳಿಸುತ್ತದೆ. ಆದರೆ "ಹೆದರಬೇಡಿರಿ" ಎಂದು ಬಾಯಿ ತೆರೆದಳೋ ಇಲ್ಲವೋ, ಕಿಸಕ್ಕನೆ ನಕ್ಕಳು. ಮತ್ತೆ ಹೇಳಿಸಿದೆ. ಮತ್ತೆ ನಕ್ಕಳು. ಉಳಿದ ಹದಿಮೂರೂ ಶುರುಮಾಡಿದವು.

"ಯಾಕೆ ನಗ್ತೀಯಾ?"

"ಗೊತ್ತಿಲ್ಲ ಟೀಚರಮ್ಮ. ಮುಂದೆ 'ಮಹಾ ಸಂತೋಷ' ಅಂತ ಹೇಳ್ಬೇಕಲ್ಲ, ಅದು ಮೊದಲೇ ಬಂದ್ಬಿಡುತ್ತೆ."

"ಬರಬಾರದು. ಕೆಳಗೆ ಕುರುಬರು ಹೆದರಿ ನಡುಗ್ತಾ ಇದ್ದಾರೆ. ದೇವದೂತ ಗಂಭೀರವಾಗಿ ಹೇಳ್ತಾನೆ."

ಅವಳು ಸ್ವಲ್ಪ ಯೋಚಿಸಿ, ನನ್ನ ಕೈಯಲ್ಲಿದ್ದ ಬೆತ್ತವನ್ನೇ ನೋಡುತ್ತ ಕೇಳಿದಳು: "ಟೀಚರಮ್ಮ, ಹೆದರಬೇಡಿ ಅನ್ನೋವಾಗ ದೇವದೂತನ ಕೈಯಲ್ಲೂ ಕೋಲು ಇತ್ತಾ?"

ನಮ್ಮವರು ಕೊಟ್ಟಿಗೆಯ ಹಿಂದಿನಿಂದ ಕೆಮ್ಮಿದರು. ಅದು ಕೆಮ್ಮಲ್ಲ, ನನಗೆ ಗೊತ್ತು. ಈ ಬೆತ್ತದಿಂದ ನಾನು ಯಾರನ್ನೂ ಹೊಡೆದವಳಲ್ಲ, ಅಕ್ಷರ ತೋರಿಸುವುದಕ್ಕೆ ಹಿಡಿಯುತ್ತೇನೆ. ಆದರೂ ಬಾಯಿಗೆ ಬಾಯಿ ಕೊಡುವುದನ್ನು ತಾಯಿಯಿಂದಲೇ ಕಲಿತಿರಬೇಕು.

ಡಿಸೆಂಬರ್ 8, ಭಾನುವಾರ. ಎರಡನೇ ವಾರ

ಎಲಿನೀಮಾಳ ಕ್ವಾಯರನ್ನು ಕೇಳಿದೆ. ಮೊದಲ ಹಾಡಿನಲ್ಲಿ ತಾಳ ಓಡಿತು. ಎರಡನೆಯದರಲ್ಲಿ ಗಂಡಸರು ಅರ್ಧ ಸ್ವರ ಕೆಳಗೆ ಜಾರಿದರು, ಅವಳು ಎತ್ತಲೇ ಇಲ್ಲ. ಮೂರನೆಯದರಲ್ಲಿ ಎಲ್ಲರೂ ಸೊಂಟ ಕುಣಿಸುತ್ತಿದ್ದರು. ಮುದುಕ ಎಲಿಫಾಸಿ ಚಪ್ಪಾಳೆ ತಟ್ಟಿದ. ಆಗಮನ ಕಾಲದಲ್ಲಿ! ಕಾಯುವ ಕಾಲದಲ್ಲಿ! ನಾನಿದ್ದಾಗ ಅವನು ನಿದ್ದೆ ಮಾಡುತ್ತಿದ್ದ. ಅದಾದರೂ ಸದ್ದಿಲ್ಲದ ಕೆಲಸ.

ನನ್ನ ಕೈಯಲ್ಲಿ ಹದಿನೇಳು ಮಂದಿ ಹಾಡುತ್ತಿದ್ದರು. ಇವತ್ತು ಎಣಿಸಿದೆ, ಇಪ್ಪತ್ತಾರು. ಹೆಚ್ಚಿನ ಒಂಬತ್ತೂ ನನ್ನ ಕಾಲದಲ್ಲಿ ಬಿಟ್ಟುಹೋದವರೇ. ಮಂಡಿ ನೋವು, ಹಸು ಕರು ಹಾಕಿದೆ, ಗಂಡ ಬೇಡ ಅಂತಾನೆ ಎಂದೆಲ್ಲ ನನಗೆ ನೆಪ ಹೇಳಿದ್ದರು. ಒಂದೇ ವಾರದಲ್ಲಿ ಒಂಬತ್ತು ಮಂಡಿಗಳು ವಾಸಿಯಾಗಿಬಿಟ್ಟವು. ಸೋಮಾರಿಗಳು. ಅವಳು ಅವರಿಗೆ ಬೈಯುವುದಿಲ್ಲ, ಅದಕ್ಕೇ ಬಂದಿದ್ದಾರೆ.

ಪಾದ್ರಿಯ ಪ್ರವಚನವೂ ನನಗೇ ಹೇಳಿದ ಹಾಗಿತ್ತು. ಗೋಡೆಗೆ ಬಣ್ಣ ಬಳಿಯುವ ಮೊದಲು ಮನಸ್ಸಿಗೆ ಸಂತೋಷ ಬರಲಿ, ನಂಬಿಕೆ ಅಂದರೆ ಹಬ್ಬಕ್ಕೆ ಕಾಯುವ ಮಗುವಿನ ಮುಖ ಎಂದರು. ಈ ಹುಡುಗನಿಗೆ ಏನು ಗೊತ್ತು? ಶಿಸ್ತಿಲ್ಲದ ಸಂತೋಷ ಬರೀ ಗದ್ದಲ. ದೇವರಿಗೆ ತಪ್ಪು ಸ್ವರ ಕೇಳಿಸುವುದಿಲ್ಲ ಎಂದು ಇವರಿಗೆ ಯಾರು ಹೇಳಿದರೋ.

ಡಿಸೆಂಬರ್ 10, ಮಂಗಳವಾರ

ನ್ಸಿಯಾ ಇವತ್ತೂ ನಕ್ಕಳು. ಆರು ಸಲ ಹೇಳಿಸಿದೆ, ಆರು ಸಲವೂ. ನನಗೆ ಮೈ ಉರಿದುಹೋಯಿತು. ಎಲ್ಲ ಮಕ್ಕಳ ಮುಂದೆ ನಿಲ್ಲಿಸಿ ಹೇಳಿದೆ: "ದೇವರ ಮಾತು ನಿನಗೆ ಆಟದ ಸಾಮಾನಾಗಿದೆ. ನಿನ್ನ ನಗು ಕೇಳಿದ್ರೆ ದೇವರಿಗೆ ನಾಚಿಕೆ ಆಗುತ್ತೆ. ನಗೋದಿದ್ರೆ ನಿಮ್ಮಮ್ಮನ ಕ್ವಾಯರಿಗೆ ಹೋಗು, ಅಲ್ಲಿ ಎಲ್ಲಾ ನಡೆಯುತ್ತೆ."

ಪಾಠ ಮುಗಿಯುವವರೆಗೂ ಬೇಲಿಯ ಕಡೆ ಮುಖ ಮಾಡಿ ನಿಲ್ಲಿಸಿದೆ. ಅಳಲಿಲ್ಲ. ಮಕ್ಕಳು ಬೇಗ ಮರೆಯುತ್ತಾರೆ, ಮೂವತ್ತನಾಲ್ಕು ವರ್ಷ ಪಾಠ ಮಾಡಿದವಳು ನಾನು.

ಡಿಸೆಂಬರ್ 11, ಬುಧವಾರ

ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಇಸಾಲೆ ಎಲೆ. ಗಂಟು ಹಾಕಿದ ಎಲೆ.

ಕೂತುಬಿಟ್ಟೆ. ನಮ್ಮ ಬೆಟ್ಟದಲ್ಲಿ ಗಂಟು ಹಾಕಿದ ಇಸಾಲೆ ಬಾಗಿಲಿಗೆ ಬಂದರೆ ಅದಕ್ಕೆ ಅರ್ಥ ಒಂದೇ: ತಪ್ಪಾಯಿತು, ಕ್ಷಮಿಸು. ಎಲೆ ಬಂದ ಮೇಲೆ ಎತ್ತಿಕೊಳ್ಳಲೇಬೇಕು. ನನ್ನ ಅಜ್ಜಿ ತನ್ನ ಹಸು ಕದ್ದವನ ಎಲೆಯನ್ನೂ ಎತ್ತಿಕೊಂಡಳು. ಬೈಯುತ್ತ ಎತ್ತಿಕೊಂಡಳು, ಆದರೂ ಎತ್ತಿಕೊಂಡಳು. ಎಲೆಯನ್ನು ಒಲ್ಲೆ ಎಂದವರ ಮನೆಗೆ ಜನ ಹೋಗಿಬರುವುದನ್ನೇ ಬಿಡುತ್ತಾರೆ.

ಯಾರದೆಂದು ಕೇಳಬೇಕಾಗಿಲ್ಲ. ಎಲೆಗೆ ಹಳದಿ ಅಂಚು. ಊರಿನ ಬೇಲಿಗಳಲ್ಲೆಲ್ಲ ಇರುವುದು ಬರೀ ಹಸಿರು ಇಸಾಲೆ, ಹಳದಿ ಅಂಚಿನದು ಎಲಿನೀಮಾಳ ಬೇಲಿಯಲ್ಲಿ ಮಾತ್ರ.

ಎಂಥ ಜಾಣೆ! ಮುಖ ತೋರಿಸದೆ, ಒಂದು ಮಾತಾಡದೆ, ಮುಂಜಾನೆ ಎಲೆ ಬಿಸಾಕಿ ಹೋಗಿದ್ದಾಳೆ. ಎತ್ತಿಕೊಂಡರೆ ಇಪ್ಪತ್ತೆರಡು ವರ್ಷವನ್ನು ಒಂದು ಎಲೆಗೆ ಕೊಟ್ಟ ಹಾಗೆ. ಬಿಟ್ಟರೆ ಊರೆಲ್ಲ ನನ್ನನ್ನೇ ಆಡಿಕೊಳ್ಳುತ್ತದೆ. ನಾನು ಎತ್ತಿಕೊಳ್ಳಲಿಲ್ಲ. ಹಾಗೇ ಬಿಟ್ಟು, ಮೇಲಿಂದ ದಾಟಿ ಒಳಗೆ ಬಂದೆ.

ಡಿಸೆಂಬರ್ 12, ಗುರುವಾರ

ಒಂದು ಒಳ್ಳೆಯ ಸುದ್ದಿ. ನ್ಸಿಯಾ ನಗಲಿಲ್ಲ. ಬಂದವಳೇ ಹೊಸ್ತಿಲ ಕಡೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ತಾಯಿಗೆ ವರದಿ ಒಪ್ಪಿಸಬೇಕಲ್ಲ, ಎಲೆ ಎತ್ತಿಕೊಂಡೆನೋ ಇಲ್ಲವೋ ಎಂದು. ನೋಡಲಿ. ಆಮೇಲೆ ನೆಟ್ಟಗೆ ನಿಂತು ದೇವದೂತನ ಮಾತನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಒಂದು ಅಕ್ಷರ ತಪ್ಪಲಿಲ್ಲ, ತುಟಿ ಅಲುಗಲಿಲ್ಲ. ಶಿಸ್ತು ಅಂದರೆ ಇದು. ಬೈಗುಳ ಕೆಲಸ ಮಾಡುವುದಿಲ್ಲ ಎನ್ನುವವರು ಬಂದು ನೋಡಬೇಕಿತ್ತು.

ಉಳಿದ ಮಕ್ಕಳೂ ತೆಪ್ಪಗಿದ್ದರು. ಪಾಠ ಬೇಗ ಮುಗಿಯಿತು.

ಡಿಸೆಂಬರ್ 14, ಶನಿವಾರ

ಎಲೆ ಇನ್ನೂ ಅಲ್ಲೇ ಇದೆ. ಎರಡು ದಿನದಿಂದ ನಾನು ಅಡುಗೆಮನೆಯ ಬಾಗಿಲಿಂದಲೇ ಓಡಾಡುತ್ತಿದ್ದೇನೆ. ನಮ್ಮವರಿಗೂ ಹಾಗೇ ಹೇಳಿದ್ದೇನೆ.

"ನಾಡಿದ್ದು ಮೇಕೆ ನೋಡೋಕೆ ಅಣ್ಣ ಬರ್ತಾನೆ" ಎಂದರು. "ಅವನನ್ನೂ ಒಲೆ ಮೇಲಿಂದ ಹಾರಿಸಿಕೊಂಡು ಒಳಗೆ ಕರ್ಕೊಂಡು ಬರ್ಲಾ?"

"ನಿಮಗೆ ಎಲ್ಲಾ ತಮಾಷೆ."

"ತಮಾಷೆ ಅಲ್ವೇ. ಎಲೆ ಒಣಗ್ತಾ ಇದೆ. ನಮ್ಮಪ್ಪ ಇದ್ದಿದ್ರೆ ನಿನ್ನನ್ನೂ ನನ್ನನ್ನೂ ಈ ತೋಟದಿಂದ ಆಚೆ ಹಾಕ್ತಿದ್ದ."

"ಅವಳು ಮಾಡಿದ್ದು?"

"ಅವಳು ಮಾಡಿದ್ದು ಅವಳಿಗೆ. ಎಲೆ ಬಂದಿರೋದು ನಿನ್ನ ಬಾಗಿಲಿಗೆ." ಇಷ್ಟು ಹೇಳಿ ಬಾಳೆಹಣ್ಣು ಕಿವುಚಲು ಹೋದರು, ಹಬ್ಬದ ಮದ್ಯಕ್ಕೆ ಹುಳಿಯಿಡಬೇಕಂತೆ. ಒಂದು ಮಾತನ್ನು ಪೂರ್ತಿ ಜಗಳ ಮಾಡಿ ಮುಗಿಸುವ ಅಭ್ಯಾಸವೇ ಅವರಿಗಿಲ್ಲ.

ಸರಿ. ನಾಳೆ ಎತ್ತಿಕೊಳ್ಳುತ್ತೇನೆ. ಆದರೆ ಸುಮ್ಮನೆ ಅಲ್ಲ, ಅವಳ ಮುಖಕ್ಕೆ ಹೇಳಿಯೇ ಎತ್ತಿಕೊಳ್ಳುತ್ತೇನೆ.

ಡಿಸೆಂಬರ್ 15, ಭಾನುವಾರ. ಮೂರನೇ ವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ವಾರಕ್ಕೊಂದರಂತೆ ಹಚ್ಚುವ ಆಗಮನದ ಮೊಂಬತ್ತಿಗಳಲ್ಲಿ ಇವತ್ತು ಸಂತೋಷದ್ದು. ಪಾದ್ರಿ ನ್ಸಿಯಾಳನ್ನು ಕರೆದು ಹಚ್ಚಿಸಿದರು. ಹುಡುಗಿ ಸಿಪಾಯಿಯ ಹಾಗೆ ನಡೆದು ಬಂದು, ಹಚ್ಚಿ, ಸಿಪಾಯಿಯ ಹಾಗೆ ತಿರುಗಿ ಹೋದಳು. ನನ್ನ ಪಾಠ ಎಂದು ಹೆಮ್ಮೆ ಆಯಿತು.

ಪೂಜೆ ಮುಗಿದ ಮೇಲೆ ನೀರಿನ ಟ್ಯಾಂಕಿನ ಹತ್ತಿರ ಎಲಿನೀಮಾಳನ್ನು ನಿಲ್ಲಿಸಿದೆ. ನಾಲ್ಕು ಜನ ಕೇಳಿಸಿಕೊಳ್ಳಲಿ ಎಂದೇ ಗಟ್ಟಿಯಾಗಿ ಹೇಳಿದೆ: "ನಿನ್ನ ಎಲೆ ಎತ್ಕೊಂಡೆ ಕಣಮ್ಮ. ಕ್ಷಮಿಸಿದ್ದೀನಿ. ನಾನು ದೊಡ್ಡವಳು, ನೀನು ತಿಳೀದೆ ಮಾಡಿದ್ದೀಯ."

ಅವಳು ಕಣ್ಣು ಪಿಳುಕಿಸಿದಳು. "ಯಾವ ಎಲೆ ಟೀಚರಮ್ಮ?"

"ನಾಟಕ ಬೇಡ. ಬುಧವಾರ ನನ್ನ ಹೊಸ್ತಿಲಲ್ಲಿ ಇಟ್ಟ ಇಸಾಲೆ."

"ನಾನು ಎಲೆ ಕಳಿಸಿಲ್ಲ."

"ಹಳದಿ ಅಂಚಿನದು!"

"ನಮ್ಮ ಬೇಲಿದೇ ಇರ್ಬಹುದು. ಆದ್ರೆ ನಾನು ಕಳಿಸಿಲ್ಲ. ಯಾಕೆ ಕಳಿಸ್ಲಿ?" ಅವಳ ದನಿಯೂ ಏರಿತು. ನನ್ನ ಮುಂದೆ ಅವಳ ದನಿ ಏರಿದ್ದು ಇದೇ ಮೊದಲು. "ನಿಮಗೆ ಮೊದಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ, ಅದು ನನ್ನ ಹೇಡಿತನ. ನಿಮಗೆ ಹೇಳೋಕೆ ಸಭೆಯಲ್ಲಿ ಯಾರಿಗೂ ಧೈರ್ಯ ಇರ್ಲಿಲ್ಲ, ಪಾದ್ರಿಗೂ ಇರ್ಲಿಲ್ಲ. ಅದಕ್ಕೇ ಪ್ರಕಟಣೇಲಿ ಓದಿದ್ದು. ಆದ್ರೆ ಕ್ವಾಯರು ತಗೊಂಡಿದ್ದಕ್ಕೆ ನಾನು ಕ್ಷಮೆ ಕೇಳಲ್ಲ. ನಿಮ್ಮ ಕೈಕೆಳಗೆ ಹಾಡೋ ದಿನ ನಂಗೆ ಬೆಳಿಗ್ಗೆಯಿಂದ ಹೊಟ್ಟೆ ನೋಯ್ತಿತ್ತು ಟೀಚರಮ್ಮ. ಹನ್ನೆರಡು ವರ್ಷ ನೋಯ್ತು. ನಾವು ಹಾಡೋಕೆ ಬರ್ತಿದ್ವಿ. ಬೈಸ್ಕೊಳ್ಳೋಕಲ್ಲ."

ನಾಲ್ಕು ಜನ ಕೇಳಿಸಿಕೊಳ್ಳಲಿ ಎಂದಿದ್ದೆನಲ್ಲ, ನಲವತ್ತು ಜನ ಕೇಳಿಸಿಕೊಂಡರು. ಒಬ್ಬರೂ ನನ್ನ ಪರ ಬಾಯಿ ಬಿಡಲಿಲ್ಲ.

ಸುಳ್ಳುಗಾರ್ತಿ! ಹೊಟ್ಟೆನೋವಂತೆ! ಹಾಗಿದ್ದರೆ ಆ ಎಲೆ ಕಾಲು ಬಂದು ನಡೆದು ಬಂತೇ?

ಡಿಸೆಂಬರ್ 16, ಸೋಮವಾರ

ಬರೆಯಲು ಏನೂ ಇಲ್ಲ. ಮೂರನೇ ಹುಂಜವನ್ನು ಕೊಯ್ಯಲು ಹೇಳಿದೆ.

ಡಿಸೆಂಬರ್ 17, ಮಂಗಳವಾರ

ಎಲೆ ಇಟ್ಟವಳು ನ್ಸಿಯಾ.

ಪಾಠ ಮುಗಿದ ಮೇಲೆ ಅವಳೊಬ್ಬಳನ್ನೇ ನಿಲ್ಲಿಸಿ ಕೇಳಿದೆ: "ನಿಮ್ಮಮ್ಮ ಬುಧವಾರ ನಮ್ಮನೆ ಕಡೆ ಬಂದಿದ್ಲಾ?"

"ಇಲ್ಲ. ನಾನು ಬಂದಿದ್ದೆ."

"ನೀನ್ಯಾಕೆ?"

ತಲೆ ತಗ್ಗಿಸಿಕೊಂಡೇ ಹೇಳಿದಳು. "ಎಲೆ ಇಡೋಕೆ. ನಾನು ನಕ್ಕಿದ್ದಕ್ಕೆ. ದೇವರಿಗೆ ನಾಚಿಕೆ ಆಯ್ತು ಅಂದ್ರಲ್ಲ. ದೇವರ ಬಾಗಿಲು ಎಲ್ಲಿದೆ ಅಂತ ಗೊತ್ತಿಲ್ಲ, ಅದಕ್ಕೆ ನಿಮ್ಮ ಬಾಗಿಲಲ್ಲಿ ಇಟ್ಟೆ. ಗಂಟು ಹಾಕೋಕೆ ಬರ್ತಿರ್ಲಿಲ್ಲ, ಅಜ್ಜಿ ಕಟ್ಟೋದು ನೋಡಿ ಕಲ್ತೆ."

ಅವಳೇ ಮುಂದುವರಿಸಿದಳು: "ಗುರುವಾರ ಬಂದು ನೋಡ್ದೆ, ನೀವು ಎತ್ಕೊಂಡಿರ್ಲಿಲ್ಲ. ಶುಕ್ರವಾರಾನೂ ಬೇಲಿ ಸಂದಿಯಿಂದ ನೋಡ್ದೆ. ಅಲ್ಲೇ ಇತ್ತು. ನಾನು ಮಾಡಿದ್ದು ಎಲೆಗೂ ಮುಗಿಯದೇ ಇರೋವಷ್ಟು ದೊಡ್ಡ ತಪ್ಪು ಅಂತ ಗೊತ್ತಾಯ್ತು. ಇನ್ಮೇಲೆ ನಗಲ್ಲ ಟೀಚರಮ್ಮ."

ಹೋದಳು. ನಾನು ಮರದ ಕೆಳಗೇ ಕೂತಿದ್ದೆ. ನಮ್ಮವರು ಬಂದು ಚಹಾ ಇಟ್ಟು ಹೋದರು, ಅದು ತಣ್ಣಗಾಯಿತು.

ನನಗೆ ಎಲಿನೀಮಾಳ ಮೇಲೆ ಸಿಟ್ಟು. ಮಗಳು ಬೇಲಿಯಿಂದ ಎಲೆ ಕಿತ್ತುಕೊಂಡು ಹೋದದ್ದು ಅವಳಿಗೆ ಕಾಣಲಿಲ್ಲವೇ? ಪಾದ್ರಿಯ ಮೇಲೆ ಸಿಟ್ಟು. ಎಂಟು ವರ್ಷದ ಮಗುವಿಗೆ ಗಂಟು ಹಾಕಲು ಕಲಿಸಿದ ಆ ಅಜ್ಜಿಯ ಮೇಲೆ ಸಿಟ್ಟು. ಈ ಪಟ್ಟಿಯಲ್ಲಿ ಇನ್ನೊಂದು ಹೆಸರು ಬರೆಯಬೇಕು. ಬರೆಯುತ್ತೇನೆ: ಐಕುಂಡಾ. ನಾಲ್ಕು ದಿನ ಒಂದು ಮಗುವಿನ ಎಲೆಯನ್ನು ಎತ್ತದೆ ಬಿಟ್ಟವಳು. ಹಸುಗಳ್ಳನ ಎಲೆಗೆ ನನ್ನ ಅಜ್ಜಿ ಕೊಟ್ಟ ಮರ್ಯಾದೆಯನ್ನೂ ನಾನು ಕೊಡಲಿಲ್ಲ. ಅದೂ ಎಂಥ ತಪ್ಪಿಗೆ? ಕ್ರಿಸ್‌ಮಸ್ ಬರುತ್ತಿದೆ ಎಂದು ಅವಳಿಗೆ ಖುಷಿ ತಡೆಯಲಾಗಲಿಲ್ಲ, ಆ ತಪ್ಪಿಗೆ.

ಡಿಸೆಂಬರ್ 19, ಗುರುವಾರ

ನಮ್ಮ ಬೇಲಿಯಿಂದ ಒಂದು ಇಸಾಲೆ ಕೊಯ್ದು ಗಂಟು ಹಾಕಿದೆ. ದೊಡ್ಡವರು ಮಗುವಿಗೆ ಎಲೆ ಒಯ್ದದ್ದನ್ನು ನಾನು ಎಲ್ಲೂ ಕೇಳಿಲ್ಲ. ನಮ್ಮವರನ್ನು ಕೇಳಿದೆ. "ನಾನೂ ಕೇಳಿಲ್ಲ" ಎಂದರು. ಆಮೇಲೆ ನನ್ನ ಒಳ್ಳೆಯ ಕಿಟೆಂಗೆ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದುಕೊಟ್ಟರು. ಇಂಥ ಹೊತ್ತಿನಲ್ಲಿ ಮಾತ್ರ ಈ ಮನುಷ್ಯ ಏನೂ ತಮಾಷೆ ಮಾಡುವುದಿಲ್ಲ.

ಎಲಿನೀಮಾಳ ಅಂಗಳದ ತುಂಬ ನೆಂಟರು. ದಾರ್ ಎಸ್ ಸಲಾಮಿನ ಎರಡು ಕಾರು, ಬಿಚ್ಚದ ಗಂಟುಮೂಟೆ, ಒಲೆಯ ಮೇಲೆ ಬಾಳೆಕಾಯಿ ಮಾಂಸ. ಕೈಯಲ್ಲಿ ಎಲೆ ಹಿಡಿದು ಒಳಗೆ ಕಾಲಿಟ್ಟ ಕೂಡಲೇ ಎಲ್ಲರ ಕಣ್ಣು ಎಲೆಯ ಮೇಲೆ ಬಿತ್ತು. ಎಲಿನೀಮಾ ಕೈ ಒರೆಸಿಕೊಳ್ಳುತ್ತ ಮುಂದೆ ಬಂದು ಎರಡೂ ಕೈ ಚಾಚಿದಳು. ತನಗೇ ಎಂದು ತಿಳಿದಳು, ಪಾಪ.

"ನಿನಗಲ್ಲ. ನಿನ್ನ ಜೊತೆ ಆಮೇಲೆ ಮಾತಾಡ್ತೀನಿ. ನ್ಸಿಯಾ ಎಲ್ಲಿ?"

ಹುಡುಗಿ ಕಾರಿನ ಹಿಂದಿನಿಂದ ಬಂದಳು. ನನಗೆ ಮಂಡಿ ಊರಿ ಕೂರಲು ಎಷ್ಟು ಹೊತ್ತು ಹಿಡಿಯಿತು ಎಂದರೆ, ಪಟ್ಟಣದ ಒಬ್ಬ ಹುಡುಗ ಕುರ್ಚಿ ತಂದುಬಿಟ್ಟ. ಅವನನ್ನು ಗದರಿಸಿ ಕಳಿಸಿದೆ. ಎಲೆ ಚಾಚಿ ಹೇಳಿದೆ: "ನಿನ್ನ ನಗು ಕೇಳಿ ದೇವರಿಗೆ ನಾಚಿಕೆ ಆಗ್ಲಿಲ್ಲಮ್ಮ. ಅದು ಸುಳ್ಳು. ನನಗೆ ಸಿಟ್ಟಿತ್ತು, ದೇವರ ಹೆಸರು ಹೇಳ್ದೆ. ನೀನಿಟ್ಟ ಎಲೇನೂ ನಾಲ್ಕು ದಿನ ಎತ್ಕೊಳ್ಲಿಲ್ಲ. ತಪ್ಪು ನಂದು."

ಎಲಿನೀಮಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೂ ಅದು ಆಗಷ್ಟೇ ಗೊತ್ತಾದದ್ದು.

ನ್ಸಿಯಾ ಎಲೆಯನ್ನು ತೆಗೆದುಕೊಂಡಳು. ದೊಡ್ಡವರು ಹೇಳುವ ಹಾಗೇ, "ಮುಗೀತು, ಮನಸ್ಸಲ್ಲಿ ಏನಿಲ್ಲ" ಎಂದಳು. ಮುಖ ಮಾತ್ರ ಹಾಗೇ ಇತ್ತು. ಮೊಂಬತ್ತಿ ಹಚ್ಚಿದ ದಿನದ ಅದೇ ಮುಖ.

ಎಲೆ ಕ್ಷಮೆಯನ್ನು ತರುತ್ತದೆ. ನಗುವನ್ನು ತರುವ ಎಲೆ ನಮ್ಮ ಯಾವ ಬೇಲಿಯಲ್ಲೂ ಬೆಳೆಯುವುದಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಈ ಒಂದು ಕೆಲಸ ಮಾತ್ರ ನನಗೆ ಚೆನ್ನಾಗಿ ಬರುತ್ತದೆ.

ಡಿಸೆಂಬರ್ 21, ಶನಿವಾರ

ಕೊನೆಯ ಅಭ್ಯಾಸ. ಬೆತ್ತ ಒಳಗೇ ಇಟ್ಟಿದ್ದೆ. ಎಲ್ಲರೂ ಸರಿಯಾಗಿ ಹೇಳಿದರು. ನ್ಸಿಯಾ ಎಲ್ಲರಿಗಿಂತ ಸರಿಯಾಗಿ ಹೇಳಿದಳು, ಪೊಲೀಸು ಠಾಣೆಯಲ್ಲಿ ಹೇಳಿಕೆ ಕೊಟ್ಟ ಹಾಗೆ. "ಮಹಾ ಸಂತೋಷ" ಎನ್ನುವಾಗಲೂ ಕಣ್ಣು ನನ್ನ ಮುಖದ ಮೇಲೇ. ನಾನೇ ನಕ್ಕು ತೋರಿಸಿದೆ. ಒಂದು ಮಗು ಹೆದರಿ ಎರಡು ಹೆಜ್ಜೆ ಹಿಂದೆ ಹೋಯಿತು.

ನಮ್ಮ ಮಗ ಸೊಸೆ ನಾಳೆ ಬರುತ್ತಾರೆ. ಗೋಡೆಗೆ ಇನ್ನೂ ಸುಣ್ಣ ಬಳಿದಿಲ್ಲ. ಇರಲಿ ಬಿಡು.

ಡಿಸೆಂಬರ್ 24, ಮಂಗಳವಾರ

ಮಧ್ಯಾಹ್ನ ಮೂರಕ್ಕೆ ಪೂಜೆ. ಕಿಟಕಿಗಳ ಮೇಲೂ ಜನ. ಹೊಸ ಬೂಟುಗಳ ಕಿರಕಿರ, ಅತ್ತರು, ಎಳೆಮಕ್ಕಳ ಅಳು. ನಾನು ಮೊದಲ ಬೆಂಚಿನಲ್ಲಿ, ಮಕ್ಕಳ ಎದುರಿಗೇ, ಮರೆತವರಿಗೆ ನೆನಪಿಸಲು. ಕಾಗದ ಹಿಡಿದಿರಲಿಲ್ಲ. ಆ ವಾಕ್ಯಗಳು ನನಗೆ ನಿದ್ದೆಯಲ್ಲೂ ಬರುತ್ತವೆ, ನೂರು ಮಕ್ಕಳಿಗೆ ಕಲಿಸಿದ್ದೇನೆ.

ಕುರುಬರ ಭಾಗ ಮುಗಿಯಿತು. ನ್ಸಿಯಾ ಬಿಳಿ ಫ್ರಾಕು ಹಾಕಿಕೊಂಡು ಮೆಟ್ಟಿಲು ಹತ್ತಿದಳು. "ಹೆದರಬೇಡಿರಿ" ಎಂದಳು, ಹೊರಗಿನ ರಸ್ತೆಗೂ ಕೇಳಿಸುವ ಹಾಗೆ. ನಿಂತಳು. ನನ್ನ ಮುಖ ನೋಡಿದಳು, ಸರಿಯಾಯಿತೇ, ಸಿಟ್ಟಿದೆಯೇ ಎಂದು ಹುಡುಕುತ್ತ. ಹುಡುಕುತ್ತ ಹುಡುಕುತ್ತ ಮುಂದಿನ ಮಾತು ಅವಳ ಬಾಯಿಂದ ಜಾರಿಹೋಯಿತು. ನನಗೆ ಅದು ಕಣ್ಣಿಗೇ ಕಂಡಿತು.

ಪಾದ್ರಿ ನನ್ನ ಕಡೆ ನೋಡಿದರು. ಎಲಿನೀಮಾ ಕ್ವಾಯರಿನ ಮುಂದೆ ನಿಂತಲ್ಲಿಂದ ಎರಡೂ ಕೈ ಜೋಡಿಸಿ ನನ್ನ ಕಡೆ ನೋಡಿದಳು. ನಾನು ಹೇಳಿಕೊಡಲು ಎದ್ದು ನಿಂತೆ, ಬಾಯಿ ತೆರೆದೆ.

ಏನೂ ಬರಲಿಲ್ಲ.

ನೂರು ಮಕ್ಕಳಿಗೆ ಕಲಿಸಿದ ಮಾತು. ಎರಡು ಪದ. ಯಾವುದಕ್ಕಾಗಿ ಆ ಮಗುವನ್ನು ಬೇಲಿಗೆ ಮುಖ ಮಾಡಿ ನಿಲ್ಲಿಸಿದ್ದೆನೋ ಅದೇ ಎರಡು ಪದ. ನಾನು ಬಾಯಿ ಮುಚ್ಚಿದೆ, ಮತ್ತೆ ತೆರೆದೆ. ಮಗನೂ ಸೊಸೆಯೂ ನೋಡುತ್ತಿದ್ದರು. ಎಲಿಫಾಸಿ ನೋಡುತ್ತಿದ್ದ. ಒಂಬತ್ತು ಮಂಡಿನೋವಿನವರೂ ನೋಡುತ್ತಿದ್ದರು. ಕೊನೆಗೆ ನಿಜವನ್ನೇ ಹೇಳಿದೆ. ಪಿಸುಮಾತು ಎಂದುಕೊಂಡೆ, ಕೊನೆಯ ಬೆಂಚಿಗೂ ಕೇಳಿಸಿತಂತೆ: "ಅಯ್ಯೋ ನ್ಸಿಯಾ, ನನಗೂ ಮರೆತುಹೋಯ್ತಲ್ಲೇ!"

ಹುಡುಗಿ ಕಣ್ಣರಳಿಸಿದಳು. ಒಂದು ಗಳಿಗೆ ನಂಬಲಿಲ್ಲ. ಆಮೇಲೆ ಆ ಹಲ್ಲಿಲ್ಲದ ಬಾಯಿಂದ ಕಿಸಕ್ಕನೆ ಶುರುವಾಯಿತು, ಹೊಟ್ಟೆ ಹಿಡಿದುಕೊಂಡಳು, ಫ್ರಾಕಿನ ಅಂಚು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಹದಿಮೂರು ಮಕ್ಕಳೂ ನಕ್ಕವು, ಕ್ವಾಯರು ನಕ್ಕಿತು, ನಮ್ಮವರ ಕೆಮ್ಮು ಹಿಂದಿನಿಂದ ಕೇಳಿಸಿತು. ಆ ಗದ್ದಲದ ನಡುವೆಯೇ, ಬಿಕ್ಕಿ ಬಿಕ್ಕಿ ನಗುತ್ತಲೇ, ನ್ಸಿಯಾ ಕೈ ಎರಡನ್ನೂ ಮೇಲೆತ್ತಿ "ಮಹಾ ಸಂತೋಷ" ಎಂದು ಶುರುಮಾಡಿ ಉಳಿದದ್ದನ್ನೆಲ್ಲ ಕೂಗಿ ಹೇಳಿದಳು.

ಸೊಸೆ ಈಗಷ್ಟೇ ಬಂದು ಹೇಳಿದಳು, ನ್ಸಿಯಾ ಒಂದು ಸಾಲನ್ನೇ ಬಿಟ್ಟಳಂತೆ. ಇರಬಹುದು. ನನಗೆ ಗೊತ್ತಾಗಲಿಲ್ಲ, ನಾನೂ ನಗುತ್ತಿದ್ದೆ.